ಶಿರಸಿ ಕಡೆಯ ಮನೆಮದ್ದು ಶಿಬಿರ: ಮಧ್ಯಾಹ್ನದ ಭಾಷಣ ಒಂದು ಬಿಟ್ಟರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ

ದುಡ್ಡಿನಿಂದಲೇ ಶುರು ಮಾಡುತ್ತೇನೆ, ಎಲ್ಲರೂ ಮೊದಲು ಕೇಳುವುದು ಅದನ್ನೇ ಅಲ್ವಾ. ಒಬ್ಬರಿಗೆ 1,800 ರೂಪಾಯಿ. ಅದರಲ್ಲಿ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ಸಂಜೆ ಕಷಾಯ, ಅಲ್ಲೇ ಕಾಯಿಸಿದ ಎಣ್ಣೆಯದ್ದು ಒಂದು ಸಣ್ಣ ಬಾಟಲಿ, ಎಲ್ಲ ಬಂತು. "ಸೊಪ್ಪು ಸದೆ ತೋರಿಸೋದಕ್ಕೆ ಇಷ್ಟು ದುಡ್ಡಾ" ಅಂತ ನಮ್ಮ ಮನೆಯಲ್ಲೇ ನಕ್ಕರು. ಹೋಗಿ ಬಂದ ಮೇಲೆ ನನ್ನ ಲೆಕ್ಕ ಏನೆಂದರೆ, ಸೊಪ್ಪು ತೋರಿಸಿದ್ದಕ್ಕೇ ಅಷ್ಟು ಕೊಡಬಹುದು, ಉಳಿದದ್ದು ಲಾಭ.

ನಡೆಸುವವರು ಶಿರಸಿ–ಸಿದ್ದಾಪುರದ ನಡುವೆ ಒಂದು ಹಳ್ಳಿಯ ಅಡಿಕೆ ತೋಟದ ದಂಪತಿ. ಹೆಸರು ಬರೆಯುತ್ತಿಲ್ಲ. ಮುಂದೆ ಒಂದು ದೂರು ಹೇಳುವುದಿದೆ, ಅದು ಆ ಮನೆಯವರ ಮೇಲಲ್ಲ, ಅವರು ಕರೆಸಿದ ಅತಿಥಿಯ ಮೇಲೆ. ಸುಮ್ನೆ ಒಳ್ಳೆಯ ಜನರ ಹೆಸರಿಗೆ ಅದು ಅಂಟುವುದು ಬೇಡ.

ಶಿಬಿರ ಅಂದ ಕೂಡಲೇ ಹಾಲ್, ಪ್ರೊಜೆಕ್ಟರ್, ಪ್ಲಾಸ್ಟಿಕ್ ಕುರ್ಚಿ ಅಂದುಕೊಳ್ಳಬೇಡಿ. ಪುಷ್ಯ ಮಳೆ ಹಿಡಿದಿತ್ತು. ತಿಂಡಿ ಆದ ಕೂಡಲೇ ಎಲ್ಲರನ್ನೂ ಅಂಗಳಕ್ಕೆ ಇಳಿಸಿದರು. ಮೊದಲು ಹಿತ್ತಲು, ಆಮೇಲೆ ತೋಟ, ಆಮೇಲೆ ಅವರ ಸೊಪ್ಪಿನ ಬೆಟ್ಟ. ಈ ಕಡೆ ಅಡಿಕೆ ತೋಟದವರಿಗೆ ಸೊಪ್ಪು ತರಲು ಅಂತಲೇ ಹಿಂದಿನ ಕಾಲದಿಂದ ಬಿಟ್ಟುಕೊಟ್ಟ ಕಾಡಿನ ಜಾಗ ಇರುತ್ತದೆ, ಅದೇ ಸೊಪ್ಪಿನ ಬೆಟ್ಟ. ಅದರ ಬೇಲಿ ದಾಟಿ ರಿಸರ್ವ್ ಫಾರೆಸ್ಟಿಗೆ ಕಾಲಿಡಲು ಬಿಡಲಿಲ್ಲ. ಅಲ್ಲಿಂದ ಅನುಮತಿ ಇಲ್ಲದೆ ಏನೂ ಕಿತ್ತು ತರುವಂತಿಲ್ಲ ಅಂತ ಮೊದಲೇ ಹೇಳಿದರು. ಕಾಡು ಎಲ್ಲರ ಆಸ್ತಿ ಅಂತ ಚೀಲ ಹಿಡಿದು ಬಂದಿದ್ದ ಒಂದಿಬ್ಬರ ಮುಖ ಸಣ್ಣಗಾಯಿತು.

ಗಿಡ ಗುರುತು ಹಿಡಿಯುವುದನ್ನು ಕಲಿಸಿದ ರೀತಿ ಈ ಶಿಬಿರದ ಜೀವಾಳ. ಆ ಅಮ್ಮ ಹೆಸರು ಹೇಳುವುದೇ ಕೊನೆಗೆ. ಮೊದಲು ಎಲೆ ಮುರಿದು ಮೂಸಿ ನೋಡಬೇಕು, ದಂಟು ಹೊಸಕಬೇಕು, ಅಡಿಮೇಲು ಮಾಡಿ ನೋಡಬೇಕು. ಗರಗದ ಸೊಪ್ಪು ಗೊತ್ತಲ್ಲ, ಗದ್ದೆ ಅಂಚಿನಲ್ಲಿ, ಮೋರಿ ಪಕ್ಕದಲ್ಲಿ ಬೆಳೆಯುವ ಬಿಳಿ ಪುಟ್ಟ ಹೂವಿನ ಗಿಡ, ಅಂಗಡಿಯ ಎಣ್ಣೆ ಬಾಟಲಿ ಮೇಲೆ ಭೃಂಗರಾಜ ಅಂತ ಬರೆದಿರುತ್ತದಲ್ಲ, ಅದು. ಅದರ ದಂಟನ್ನು ಉಗುರಲ್ಲಿ ಒತ್ತಿ ಸ್ವಲ್ಪ ಹೊತ್ತು ಬಿಟ್ಟರೆ ರಸ ಕಪ್ಪಾಗುತ್ತದೆ. ಆಗದಿದ್ದರೆ ಅದು ಗರಗ ಅಲ್ಲ, ಎಸೆಯಿರಿ ಅಂದರು. ನೆಲನೆಲ್ಲಿಯಲ್ಲಿ ಎಲೆ ಸಾಲನ್ನು ಮಗುಚಿ ನೋಡಬೇಕು, ಅಡಿಯಲ್ಲಿ ಸಾಸಿವೆ ಗಾತ್ರದ ಕಾಯಿ ಸಾಲಾಗಿ ಜೋತಿರುತ್ತವೆ. ದಂಟು ಕೆಂಪಗಿದ್ದರೆ ಅದು ಬೇರೆ ಜಾತಿ. ಒಂದೆಲಗಕ್ಕೆ, ಅಲ್ಲಿಯವರ ಬಾಯಲ್ಲಿ ಉರಗೆ, ನೆಲದ ಮೇಲೆ ಹರಿಯುವ ಬಳ್ಳಿ, ಗಂಟು ಗಂಟಿಗೆ ಬೇರು, ಎಲೆ ಅಂಚಲ್ಲಿ ಸಣ್ಣ ಹಲ್ಲು.

ಒಂದೆಲಗದ ಹತ್ತಿರ ನಿಂತು ಅವರು ಹೇಳಿದ ಒಂದು ಮಾತಿಗೇ ನನ್ನ ಅರ್ಧ ದುಡ್ಡು ವಸೂಲಾಯಿತು. ತೋಟದ ತುಂಬ ಒಂದೆಲಗ ಹಾಸಿಕೊಂಡಿತ್ತು, ಅಡಿಕೆ ಮರದ ಬುಡದಲ್ಲಿ ತಂಪಾಗಿ. ಒಬ್ಬರು ಬಗ್ಗಿ ಕೀಳಲು ಹೋದರು. "ಅದು ಬೇಡ ತಮ್ಮಾ, ಮೇಲಿಂದ ಮೈಲುತುತ್ತ ಬಿದ್ದಿದೆ" ಅಂದರು. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ, ಅಂದರೆ ಮೈಲುತುತ್ತ ಮತ್ತು ಸುಣ್ಣ. ಅದು ಗೊನೆಯಲ್ಲೇ ನಿಲ್ಲುತ್ತದೆಯೇ, ಕೆಳಗಿನ ಸೊಪ್ಪಿನ ಮೇಲೂ ಸುರಿಯುತ್ತದೆ. ತಂಬುಳಿಗೆ ಬೇಕಾದ ಒಂದೆಲಗವನ್ನು ಅವರು ಬಾವಿಕಟ್ಟೆ ಪಕ್ಕ ಬೇರೆಯೇ ಬೆಳೆಸಿದ್ದಾರೆ. ಕಾಡಿನದ್ದು, ತೋಟದ್ದು ಅಂದರೆ ಶುದ್ಧ ಅಂತ ಕಣ್ಣು ಮುಚ್ಚಿ ತಿನ್ನುವ ನಮ್ಮಂಥ ಪೇಟೆಯವರಿಗೆ ಇದನ್ನು ಯಾವ ಯೂಟ್ಯೂಬ್ ವಿಡಿಯೋವೂ ಹೇಳಿರಲಿಲ್ಲ. ಕಳೆನಾಶಕ ಹೊಡೆದ ಗದ್ದೆ ಅಂಚು, ರಸ್ತೆ ಬದಿ, ಚರಂಡಿ ಪಕ್ಕ, ಇವೂ ಬೇಡ.

ಅಮೃತಬಳ್ಳಿ ಮುಂದೆ ಸ್ವಲ್ಪ ಜಾಸ್ತಿ ಹೊತ್ತು ನಿಂತೆವು. ಕೊರೊನಾ ಕಾಲದಲ್ಲಿ ಬೇಲಿ ಮೇಲಿನ ಬಳ್ಳಿಯನ್ನೆಲ್ಲ ಅಮೃತಬಳ್ಳಿ ಅಂತ ಕುದಿಸಿ ಕುಡಿದವರೇ ಎಲ್ಲರೂ. ಅಸಲಿಯದ್ದಕ್ಕೆ ಮೇಲಿನ ಸಿಪ್ಪೆ ಕಾಗದದ ಹಾಗೆ ತೆಳ್ಳಗೆ ಸುಲಿದು ಬರುತ್ತದೆ, ಕೆಳಗೆ ಹಸಿರು. ಅಡ್ಡ ಕತ್ತರಿಸಿದರೆ ಒಳಗೆ ಚಕ್ರದ ಅರೆಗಳು ಕಾಣುತ್ತವೆ. ಇದರ ದಾಯಾದಿ ಬಳ್ಳಿಯೊಂದಿದೆ, ಅದರ ಮೈತುಂಬ ದಪ್ಪ ನರೂಲಿ. 2020ರ ಕೊನೆಯಲ್ಲಿ ಮುಂಬೈಯಲ್ಲಿ ಅಮೃತಬಳ್ಳಿ ಸೇವಿಸಿದ ಆರು ಜನರಿಗೆ ಲಿವರ್ ತೊಂದರೆ ಆಗಿದ್ದನ್ನು ಅಲ್ಲಿನ ವೈದ್ಯರು 2021ರಲ್ಲಿ ವರದಿ ಮಾಡಿದ್ದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಅದು ಈ ದಾಯಾದಿ ಬಳ್ಳಿ ಇದ್ದಿರಬಹುದು ಅಂದಿತು. ಯಾರು ಸರಿ ಅನ್ನುವ ಜಗಳ ಬಿಡಿ, ಗುರುತು ಗೊತ್ತಿಲ್ಲದೆ ಕುಡಿಯಬಾರದು ಅನ್ನುವುದಕ್ಕಂತೂ ಇಬ್ಬರೂ ಸಾಕ್ಷಿ. ದಿನಾ ಕುಡಿಯುವ ಚಟ ಬೇಡ ಅಂತ ಆ ಅಮ್ಮನೂ ಹೇಳಿದರು.

ಮುಟ್ಟಬಾರದ ಗಿಡಗಳ ಪಾಠ ಬೇರೆ. ಬೇಲಿಯಲ್ಲಿ ಗೌರಿ ಹೂವಿನ ಬಳ್ಳಿ ಆಗಷ್ಟೇ ಮೊಗ್ಗು ಬಿಟ್ಟಿತ್ತು, ಅರಳಿದರೆ ಕೆಂಪು ಹಳದಿ ಬೆಂಕಿ. ಅದರ ಗಡ್ಡೆ ಪ್ರಾಣ ತೆಗೆಯುವಷ್ಟು ವಿಷ. ಗುಲಗಂಜಿ ಬೀಜವೂ ಹಾಗೇ. ಕರಾವಳಿಯಲ್ಲಿ ಆಟಿ ಅಮಾವಾಸ್ಯೆ ಬೆಳಿಗ್ಗೆ ಹಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತಾರಲ್ಲ, ನಸುಕಿನ ಕತ್ತಲಲ್ಲಿ ಹೋಗಿ ತೊಗಟೆ ಜಜ್ಜಿ ತರುವ ಪದ್ಧತಿ, ಅಲ್ಲಿ ಹಾಲೆ ಅಂತ ವಿಷದ ಕಾಸರಕದ ತೊಗಟೆ ತಂದರೆ ಕಥೆ ಮುಗಿಯಿತು. ಅದಕ್ಕೇ ಗೊತ್ತಿದ್ದವರು ಹಿಂದಿನ ದಿನ ಬೆಳಕಲ್ಲೇ ಹೋಗಿ ಮರ ನೋಡಿಟ್ಟು ಬರುತ್ತಾರೆ. ಹಾಲೆಗೆ ಒಂದೇ ಕಡೆಯಿಂದ ಏಳೆಂಟು ಎಲೆ ಸುತ್ತ ಹರಡಿರುತ್ತವೆ, ತೊಗಟೆ ಗೀರಿದರೆ ಹಾಲು ಬರುತ್ತದೆ. ಕಾಸರಕದಲ್ಲಿ ಎಲೆ ಎದುರುಬದುರು, ಹಾಲಿಲ್ಲ. ಈಶ್ವರ ಬಳ್ಳಿ ಬಗ್ಗೆಯೂ ಕೇಳಿದೆ, ನಮ್ಮ ಕಡೆ ಹಾವಿನ ವಿಷಕ್ಕೆ ಅದರ ಬೇರು ಅನ್ನುತ್ತಾರೆ. ಆ ಜಾತಿಯ ಬಳ್ಳಿಗಳಲ್ಲಿರುವ ಆಮ್ಲ ಕಿಡ್ನಿ ಹಾಳು ಮಾಡುತ್ತದೆ, ಕ್ಯಾನ್ಸರ್ ತರುತ್ತದೆ ಅನ್ನುವುದು ಈಗ ಜಗತ್ತಿಗೇ ಗೊತ್ತಿರುವ ವಿಷಯ. "ಹಾವು ಕಚ್ಚಿದರೆ ಶಿರಸಿ ಆಸ್ಪತ್ರೆಗೆ ಹೋಗೋದು, ಬೇರು ಹುಡುಕೋದಲ್ಲ" ಅಂತ ಯಜಮಾನರು ಒಂದೇ ಮಾತಲ್ಲಿ ಮುಗಿಸಿದರು.

ಬೇರು ಅಗೆಯುವ ಮದ್ದು ಒಂದನ್ನೂ ಅವರು ಕಲಿಸಲಿಲ್ಲ. ಎಲೆ ಚಿವುಟಿದರೆ ಗಿಡ ಮತ್ತೆ ಚಿಗುರುತ್ತದೆ, ಬೇರು ಕಿತ್ತರೆ ಗಿಡವೇ ಹೋಯಿತು. ಏಕನಾಯಕ, ಮರದರಿಶಿನ ಇವೆಲ್ಲ ಹೀಗೇ ಕಿತ್ತು ಕಿತ್ತು ಅಪರೂಪವಾಗಿವೆ. ಇದನ್ನು ನೋಡಿಯೇ ಅರಣ್ಯ ಇಲಾಖೆ 1990ರ ದಶಕದಲ್ಲಿ ಔಷಧಿ ಸಸ್ಯಗಳಿಗೆ ಅಂತ ಕಾಡಿನ ತುಂಡುಗಳನ್ನು ಬೇರೆ ಇಟ್ಟು ಕಾಯುವ ಕೆಲಸ ಶುರು ಮಾಡಿದ್ದು. ಶಿರಸಿ–ಕುಮಟಾ ದಾರಿಯ ದೇವಿಮನೆಯಲ್ಲೂ ಅಂಥದ್ದೊಂದಿದೆ.

ಇನ್ನು ಅಡುಗೆಮನೆ ಪಾಠ. ಎಣ್ಣೆ ಕಾಯಿಸುವುದೇ ದೊಡ್ಡ ಕಾರ್ಯಕ್ರಮ. ಲೆಕ್ಕ ಹಳೆಯದು: ಅರೆದ ಸೊಪ್ಪು ಒಂದು ಪಾಲು, ಎಣ್ಣೆ ನಾಲ್ಕು, ಸೊಪ್ಪಿನ ರಸ ಹದಿನಾರು. ಗರಗ ಮತ್ತು ಒಂದೆಲಗದ ರಸ, ಮನೆಯ ಕೊಬ್ಬರಿ ಎಣ್ಣೆ, ದಪ್ಪ ತಳದ ಬಾಣಲೆ, ಕಟ್ಟಿಗೆ ಒಲೆ, ಸಣ್ಣ ಉರಿ. ಅಷ್ಟು ರಸ ಆರಲು ಗಂಟೆಗಟ್ಟಲೆ ಹಿಡಿಯುತ್ತದೆ, ಅಷ್ಟೂ ಹೊತ್ತು ಯಾರಾದರೂ ಕೈಯಾಡಿಸುತ್ತಲೇ ಇರಬೇಕು, ಇಲ್ಲದಿದ್ದರೆ ತಳ ಹಿಡಿಯುತ್ತದೆ. ಹಾಗಾಗಿ ಪಾಳಿ ಮೇಲೆ ನಮ್ಮನ್ನೇ ಕೂರಿಸಿದರು. ಮೊದಲು ದೊಡ್ಡ ದೊಡ್ಡ ಗುಳ್ಳೆ, ಜೋರು ಶಬ್ದ. ನೀರು ಕಡಿಮೆಯಾದ ಹಾಗೆ ಶಬ್ದ ಇಳಿಯುತ್ತದೆ, ಕೆಸರಿನಂತಿದ್ದ ಗಸಿ ಬಾಣಲೆ ತಳಕ್ಕೆ ಅಂಟುವುದು ಬಿಟ್ಟು ಸಟ್ಟುಗಕ್ಕೆ ಉಂಡೆಯಾಗಿ ಬರುತ್ತದೆ, ಆಮೇಲೆ ಎಣ್ಣೆ ಮೇಲೆ ಬಿಳಿ ನೊರೆ ಏಳುತ್ತದೆ. ಆಗ ಆ ಅಮ್ಮ ಚಿಟಿಕೆ ಗಸಿ ತೆಗೆದು ಎರಡು ಬೆರಳ ನಡುವೆ ಹೊಸೆದರು. ಬತ್ತಿ ಆಯಿತು. ಅದನ್ನು ದೀಪದ ಮೇಲೆ ಹಿಡಿದರು. ಚಟಪಟ ಅಂದಿತು. "ಇನ್ನೂ ನೀರಿದೆ." ಮತ್ತೆ ಕೈಯಾಡಿಸಿದೆವು. ಆಮೇಲಿನ ಸಲ ಬತ್ತಿ ಸದ್ದಿಲ್ಲದೆ ಉರಿಯಿತು, ತಕ್ಷಣ ಒಲೆಯಿಂದ ಕಟ್ಟಿಗೆ ಎಳೆದರು. ಅಲ್ಲಿಂದ ಮುಂದೆ ಬಿಟ್ಟರೆ ಗಸಿ ಕರಟುತ್ತದೆ, ಎಣ್ಣೆಗೆ ಸುಟ್ಟ ವಾಸನೆ ಬರುತ್ತದೆ. ಮೊದಲೇ ಇಳಿಸಿದರೆ ಉಳಿದ ನೀರಿಗೆ ಎಣ್ಣೆ ಬೇಗ ಕಮಟಾಗುತ್ತದೆ. ಮನೆಯಲ್ಲಿ ಮಾಡಿದ ಎಣ್ಣೆ ಯಾಕೆ ಕೆಡುತ್ತದೆ ಅಂತ ತಲೆ ಕೆರೆದುಕೊಳ್ಳುವವರೆಲ್ಲ ಈ ಬತ್ತಿಯ ಪರೀಕ್ಷೆ ಒಂದನ್ನು ಕಲಿತರೆ ಸಾಕು. ಈ ಎಣ್ಣೆಯಿಂದ ಬೋಳು ತಲೆಯಲ್ಲಿ ಕೂದಲು ಬರುತ್ತದೆಯೇ ಅಂತ ಕೇಳಿದವರಿಗೆ ಆ ಅಮ್ಮ ತಮ್ಮ ಗಂಡನ ತಲೆ ತೋರಿಸಿದರು. ಯಜಮಾನರೂ ನಕ್ಕರು.

ಕೆಮ್ಮಿಗೆ ಎರಡು ಕಲಿಸಿದರು. ದೊಡ್ಡಪತ್ರೆ ಎಲೆಯನ್ನು ಕೆಂಡದ ಮೇಲೆ ಬಾಡಿಸಿ ಹಿಂಡಿ ಜೇನುತುಪ್ಪ ಬೆರೆಸುವುದು ನಿಮಗೂ ಗೊತ್ತಿರುತ್ತದೆ. ಒಂದು ವರ್ಷದೊಳಗಿನ ಮಗುವಿಗೆ ಮಾತ್ರ ಜೇನು ನೆಕ್ಕಿಸಲೇಬೇಡಿ, ಅಜ್ಜಿ ಹೇಳಿದರೂ ಸರಿ. ಇನ್ನೊಂದು ಆಡುಸೋಗೆ. ಹಸಿ ಎಲೆ ಎಷ್ಟು ಹಿಂಡಿದರೂ ರಸ ಬಿಡುವುದಿಲ್ಲ, ಬಾಳೆ ಎಲೆಯಲ್ಲಿ ಕಟ್ಟಿ ಇಡ್ಲಿ ಪಾತ್ರೆಯಲ್ಲಿ ಬೇಯಿಸಿ ಬಟ್ಟೆಯಲ್ಲಿ ಹಿಂಡಬೇಕು. ವಿಪರೀತ ಕಹಿ. ಕಫ ಕರಗಿಸಲು ಡಾಕ್ಟರು ಬರೆದುಕೊಡುವ ಬ್ರೋಮ್‌ಹೆಕ್ಸಿನ್ ಹುಟ್ಟಿದ್ದು ಈ ಗಿಡದಲ್ಲಿರುವ ವ್ಯಾಸಿಸಿನ್ ಅನ್ನುವ ವಸ್ತುವಿನ ಜಾಡು ಹಿಡಿದೇ. ಅಂದರೆ ಇದು ಸುಮ್ನೆ ಸೊಪ್ಪಲ್ಲ, ಕೆಲಸ ಮಾಡುವ ಮದ್ದು. ಕೆಲಸ ಮಾಡುವ ಮದ್ದು ಅಂದ ಮೇಲೆ ತೊಂದರೆಯನ್ನೂ ಮಾಡಬಲ್ಲದು. ಗರ್ಭಕೋಶವನ್ನು ಹಿಂಡುವ ಗುಣ ಇರುವುದರಿಂದ ಬಸುರಿಯರು ಮುಟ್ಟಬಾರದು. ನಮ್ಮ ಗುಂಪಲ್ಲಿ ಒಬ್ಬ ಹುಡುಗಿ ತುಂಬಿದ ಬಸುರಿ, ಅವಳ ಕೈಗೆ ಲೋಟ ಹೋಗುವ ಮೊದಲೇ ಆ ಅಮ್ಮ "ನಿಂಗಲ್ಲ ತಂಗೀ" ಅಂತ ಕಸಿದುಕೊಂಡರು.

ಮುರುಗಲು ತುಪ್ಪ ನನಗೆ ಇಷ್ಟವಾಯಿತು. ಬೇಸಿಗೆಯಲ್ಲಿ ಹಣ್ಣಿನ ಸಿಪ್ಪೆ ಶರಬತ್ತಿಗೆ, ಸಾರಿಗೆ ಹೋಗುತ್ತದೆ, ಬೀಜ ಒಣಗಿಸಿ ಇಟ್ಟಿರುತ್ತಾರೆ. ಅದನ್ನು ಕುಟ್ಟಿ ನೀರಲ್ಲಿ ಕುದಿಸಿದರೆ ಮೇಲೆ ಎಣ್ಣೆ ತೇಲುತ್ತದೆ, ತಣಿದರೆ ಗಟ್ಟಿ ಉಂಡೆ. ಹಿಮ್ಮಡಿ ಒಡೆದದ್ದಕ್ಕೆ, ತುಟಿಗೆ ಹಚ್ಚಬಹುದು. ಈ ಒಂದು ವಸ್ತು ಹೇಳಿದ ಹಾಗೇ ಕೆಲಸ ಮಾಡಿತು, ಹಿಮ್ಮಡಿಗೆ ಟ್ಯೂಬು ಕೊಳ್ಳುವುದನ್ನು ಬಿಟ್ಟಿದ್ದೇನೆ.

ಊಟ ಭರ್ಜರಿ. ಒಂದೆಲಗದ ತಂಬುಳಿ, ಅಪ್ಪೆಹುಳಿ, ಪತ್ರೊಡೆ, ಕಳಲೆ ಪಲ್ಯ. ಅಪ್ಪೆಹುಳಿ ಕುಡಿದು ಅರ್ಧ ಗುಂಪಿಗೆ ಅಲ್ಲೇ ಕಣ್ಣು ಎಳೆಯಿತು.

ಆ ನಿದ್ದೆ ಕೆಡಿಸಿದ್ದು ಮಧ್ಯಾಹ್ನದ ಅತಿಥಿ. ನನ್ನ ದೂರು ಇದೇ. ಎಲ್ಲರಿಗೂ ಒಂದೊಂದು ಮಧುನಾಶಿನಿ ಎಲೆ ಕೊಟ್ಟು ಅಗಿಯಲು ಹೇಳಿದರು, ಆಮೇಲೆ ಸಕ್ಕರೆ ಕೊಟ್ಟರು. ಸಕ್ಕರೆ ಬಾಯಲ್ಲಿ ಮರಳಿನಂತೆ, ಸಿಹಿಯೇ ಇಲ್ಲ. ಎಲ್ಲರೂ ಬೆರಗು. ಅಲ್ಲಿಯವರೆಗೆ ಚೆನ್ನಾಗಿತ್ತು, ಆ ಎಲೆಗೆ ನಿಜಕ್ಕೂ ಆ ಗುಣ ಇದೆ, ನಾಲಿಗೆಯಲ್ಲಿ ಸಿಹಿ ಹಿಡಿಯುವ ಜಾಗವನ್ನು ಸ್ವಲ್ಪ ಹೊತ್ತು ಮುಚ್ಚಿಬಿಡುತ್ತದೆ. ಮುಂದಿನ ಮಾತು ಕೇಳಿ: "ನಾಲಿಗೆಯಲ್ಲಿ ಸಕ್ಕರೆ ಸತ್ತ ಹಾಗೇ ರಕ್ತದಲ್ಲೂ ಸಾಯುತ್ತದೆ." ಅದರ ಹಿಂದೆಯೇ ಚೀಲದಿಂದ ಪುಡಿಯ ಡಬ್ಬಿ ಹೊರಗೆ ಬಂತು. 650 ರೂಪಾಯಿ. ಮೂರು ತಿಂಗಳು ತಿಂದರೆ ಇಂಜೆಕ್ಷನ್, ಮಾತ್ರೆ ಎಲ್ಲ ಬಿಡಬಹುದಂತೆ. ನಾಲಿಗೆಗೂ ರಕ್ತಕ್ಕೂ ಎಲ್ಲಿಗೆಲ್ಲಿಯ ಸಂಬಂಧ? ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಅಂತ ಮದ್ದಿನ ಜಾಹೀರಾತು ಮಾಡುವುದನ್ನೇ 1954ರ ಕೇಂದ್ರ ಕಾಯ್ದೆ ನಿಷೇಧಿಸಿದೆ, ಇದು ಗೊತ್ತಿದ್ದೂ ಮಾರುತ್ತಾರೋ ಗೊತ್ತಿಲ್ಲದೆಯೋ. ಹಾವೇರಿಯಿಂದ ಬಂದಿದ್ದ ಮೇಷ್ಟ್ರೊಬ್ಬರು ಎರಡು ಡಬ್ಬಿ ಹಿಡಿದು ಆ ಅಮ್ಮನ ಹತ್ತಿರ ಹೋಗಿ, "ಅಮ್ಮಾ, ಇದನ್ನ ತಗೊಳ್ಳಬಹುದಾ?" ಅಂತ ಕೇಳಿದರು. ಅವರು ಲೋಟಕ್ಕೆ ಕಷಾಯ ಬಗ್ಗಿಸುತ್ತಲೇ ಹೇಳಿದ್ದು ಇಷ್ಟು: "ನಮ್ಮನೆಯವರಿಗೂ ಶುಗರ್ ಇದೆ. ಮಾತ್ರೆ ಬಿಟ್ಟಿಲ್ಲ." ಮೇಷ್ಟ್ರು ಡಬ್ಬಿ ವಾಪಸ್ ಇಟ್ಟರು.

ಇಷ್ಟು ಹದವಾಗಿ ಯೋಚಿಸುವ ಮನೆಯವರು ಇಂಥವರನ್ನು ಯಾಕೆ ಕರೆಸುತ್ತಾರೆ ಅನ್ನುವುದು ನನಗೆ ಅರ್ಥವಾಗಲಿಲ್ಲ. ಸ್ವಾವಲಂಬನೆ ಅಂತ ಬೋರ್ಡು ಹಾಕಿ, ಬೆಳಿಗ್ಗೆಯಿಂದ ನಿಮ್ಮ ಮನೆಯಲ್ಲೇ ಮಾಡಿಕೊಳ್ಳಿ ಅಂತ ಕಲಿಸಿ, ಮಧ್ಯಾಹ್ನ ಡಬ್ಬಿ ಮಾರಿದರೆ ಹೇಗೆ? ಹೊರಡುವಾಗ ಹೇಳಿಯೂ ಬಂದೆ. ಯಜಮಾನರು ತಲೆಯಾಡಿಸಿದರು, ಮುಂದಿನ ಶಿಬಿರದಲ್ಲಿ ಬದಲಾಗುತ್ತದೋ ಇಲ್ಲವೋ ನೋಡಬೇಕು.

ಕಾಮಾಲೆಗೆ ನೆಲನೆಲ್ಲಿ ಅನ್ನುವ ಮಾತಂತೂ ಎಲ್ಲರ ಬಾಯಲ್ಲೂ ಬಂತು. ಇದರ ಹಿಂದೆ ದೊಡ್ಡ ಕಥೆಯೇ ಇದೆ. 1988ರಲ್ಲಿ ಮದ್ರಾಸಿನ ಸಂಶೋಧಕರು, ಹೆಪಟೈಟಿಸ್ ಬಿ ವೈರಸ್ ಕಂಡುಹಿಡಿದು ನೊಬೆಲ್ ಪಡೆದ ಬ್ಲಂಬರ್ಗ್ ಜೊತೆ ಸೇರಿ, ನೆಲನೆಲ್ಲಿ ಕೊಟ್ಟ 37 ಜನರಲ್ಲಿ 22 ಮಂದಿಯ ರಕ್ತದಲ್ಲಿ ವೈರಸ್‌ನ ಗುರುತು ಮಾಯವಾಯಿತು ಅಂತ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬರೆದರು. ಆಮೇಲೆ ಬೇರೆಯವರು ಮಾಡಿ ನೋಡಿದಾಗ ಆ ಫಲ ಸಿಗಲಿಲ್ಲ. ಕಾಮಾಲೆ ಅಂದರೆ ರಕ್ತ ಪರೀಕ್ಷೆ ಮೊದಲು, ನೆಲನೆಲ್ಲಿ ಚಟ್ನಿ ಬೇಕಾದರೆ ಆಮೇಲೆ.

ಸಣ್ಣಪುಟ್ಟ ಕೊರತೆ: ಕೊಟ್ಟ ಕೈಪಿಡಿ ಕಪ್ಪು ಬಿಳುಪು ಜೆರಾಕ್ಸ್, ಅದರ ಚಿತ್ರ ನೋಡಿ ನೆಲನೆಲ್ಲಿಗೂ ನುಗ್ಗೆಗೂ ವ್ಯತ್ಯಾಸ ಹೇಳಲಾಗದು. ನಿಮ್ಮ ಮೊಬೈಲಲ್ಲೇ ಎಲೆಯ ಹಿಂದೆ ಮುಂದೆ ಫೋಟೋ ತೆಗೆದುಕೊಳ್ಳಿ. ಜನ ಜಾಸ್ತಿ, ಒಲೆ ಒಂದೇ, ಹಿಂದೆ ನಿಂತವರಿಗೆ ಹೊಗೆ ಮಾತ್ರ. ಶೌಚಾಲಯ ಚೊಕ್ಕಟವಾಗಿದೆ, ಆದರೆ ಒಂದೇ. ಬಸ್ಸಿಳಿದ ಮೇಲೆ ನಡೆಯಬೇಕು, ಇಲ್ಲವೇ ಮೊದಲೇ ಫೋನ್ ಮಾಡಿದರೆ ಜೀಪು ಕಳಿಸುತ್ತಾರೆ.

ಯಾವಾಗ ಹೋಗಬೇಕು ಅನ್ನುವುದು ಮುಖ್ಯ. ಅವರು ಬೇಸಿಗೆ ರಜೆಯಲ್ಲೂ ಶಿಬಿರ ಮಾಡುತ್ತಾರೆ, ಎಣ್ಣೆಗೆ, ಸೊಪ್ಪು ಒಣಗಿಸುವುದಕ್ಕೆ ಅದೇ ಒಳ್ಳೆಯ ಕಾಲ, ಮಳೆಗಾಲದಲ್ಲಿ ಅಡಿಕೆ ಅಟ್ಟದ ಮೇಲೆ ಹಾಕಿದರೂ ಸೊಪ್ಪಿಗೆ ಬೂಸು ಬರುತ್ತದೆ. ಆದರೂ ನಾನು ಮಳೆಗಾಲವನ್ನೇ ಹೇಳುತ್ತೇನೆ. ಒಂದು, ಗರಗ, ಒಂದೆಲಗ, ನೆಲನೆಲ್ಲಿ ಎಲ್ಲ ಆಗಲೇ ಮೈತುಂಬಿರುತ್ತವೆ. ಇನ್ನೊಂದು, ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಪತ್ತೆಯಾದ ಈ ಜ್ವರ ಉಣ್ಣೆಗಳಿಂದ ಬರುತ್ತದೆ, ಚಳಿಗಾಲದಿಂದ ಮಳೆ ಬೀಳುವವರೆಗೆ ಇದರ ಕಾಲ, ತರಗೆಲೆ ಮೇಲೆ ಓಡಾಡಿದರೆ ಹತ್ತುತ್ತವೆ. ಸಿದ್ದಾಪುರ, ಶಿರಸಿ ಭಾಗದ ಆರೋಗ್ಯ ಕೇಂದ್ರಗಳಲ್ಲಿ ಕಾಡಿಗೆ ಹೋಗುವವರಿಗೆ ಹಚ್ಚಿಕೊಳ್ಳಲು ಡೆಪಾ ಎಣ್ಣೆ ಕೊಡುವುದು ಇದಕ್ಕೇ. ಬೇಸಿಗೆಯಲ್ಲಿ ಹೋಗಲೇಬೇಕು ಅಂದರೆ ಅದನ್ನು ಕೇಳಿ ಪಡೆಯಿರಿ, ಪೂರ್ತಿ ತೋಳಿನ ಅಂಗಿ ಹಾಕಿ. ವಾಪಸ್ ಬಂದ ಮೇಲೆ ಜ್ವರ ಬಂದರೆ ಕಿರಾತಕಡ್ಡಿ ಕಷಾಯ ಕುಡಿಯುತ್ತಾ ಕೂರಬೇಡಿ, ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳಿ.

ಬೆಂಗಳೂರಿನವರಿಗೆ ಅಷ್ಟು ದೂರ ಆಗದಿದ್ದರೆ, ಯಲಹಂಕ ಕಡೆ ಔಷಧಿ ಸಸ್ಯಗಳ ಸಂಸ್ಥೆಯಾದ ಎಫ್‌ಆರ್‌ಎಲ್‌ಎಚ್‌ಟಿಯವರ ಕ್ಯಾಂಪಸ್ಸಲ್ಲಿ, ಹಾಗೇ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಲ್ಲಿ ಔಷಧಿ ಗಿಡಗಳ ತೋಟಗಳಿವೆ, ಗುರುತು ಕಲಿಯಲು ಅವೂ ಆಗುತ್ತವೆ. ನಾನೀಗ ತಾರಸಿ ಮೇಲೆ ದೊಡ್ಡಪತ್ರೆ, ಅಗಲ ಟ್ರೇಯಲ್ಲಿ ಒಂದೆಲಗ, ಕುಂಡದಲ್ಲಿ ಆಡುಸೋಗೆ ಇಟ್ಟಿದ್ದೇನೆ, ಮೂರೂ ಅಲ್ಲಿಂದಲೇ ತಂದ ಕಡ್ಡಿ, ಬಳ್ಳಿ. ಕೇಳಿದರೆ ಕೊಡುತ್ತಾರೆ, ದುಡ್ಡು ತೆಗೆದುಕೊಳ್ಳುವುದಿಲ್ಲ.

ಹೋಗುವವರು ಬೂಟು ಬೇಡ, ಚಪ್ಪಲಿ ಹಾಕಿ, ಉಂಬಳ, ಅಂದರೆ ಜಿಗಣೆ, ಹತ್ತಿದ್ದು ಕಾಣುತ್ತದೆ. ಹಚ್ಚಿಕೊಳ್ಳಲು ಸುಣ್ಣ, ತಂಬಾಕು ಅವರೇ ಕೊಡುತ್ತಾರೆ. ಛತ್ರಿಗಿಂತ ರೇನ್‌ಕೋಟ್ ವಾಸಿ, ಗಿಡ ಮಗುಚಿ ನೋಡಲು ಎರಡೂ ಕೈ ಬೇಕು. ಮಧ್ಯಾಹ್ನದ ಹೊತ್ತು ಜಗುಲಿಯಲ್ಲಿ ಡಬ್ಬಿ ಕಂಡರೆ, ಎದ್ದು ಬಾವಿಕಟ್ಟೆ ಕಡೆ ಹೋಗಿ ಒಂದೆಲಗದ ಬಳ್ಳಿ ಕೇಳಿ ತೆಗೆದುಕೊಳ್ಳಿ.